ಏಳನೆಯ ಫಲಕ

ಒಂದು ಸರ್ಕಾರಕ್ಕೆ ವರ್ಷಕ್ಕೆ ಏಳೇ ಏಳು ವಿಷಗಳನ್ನು ಪರೀಕ್ಷೆ ಮಾಡುವ ಶಕ್ತಿ ಇದೆ ಎಂದುಕೊಳ್ಳಿ. ಮಾರುಕಟ್ಟೆಯಲ್ಲಿ ನಲವತ್ತು ಸಾವಿರ ರಾಸಾಯನಿಕಗಳಿವೆ. ಯಾವ ಏಳು ಎಂದು ಯಾರು ಹೇಳಬೇಕು? ಮಂತ್ರಿಗಳು ಹೇಳುವುದಾದರೆ ಕಂಪನಿಯವರು ಅವರ ಮನೆ ಬಾಗಿಲು ಕಾಯುತ್ತಾರೆ. ವಿಜ್ಞಾನಿಗಳು ಹೇಳುವುದಾದರೆ ತಮ್ಮ ಪ್ರಬಂಧಕ್ಕೆ ಯಾವುದು ಅನುಕೂಲವೋ ಅದನ್ನು ಹೇಳುತ್ತಾರೆ. ಹೊಟ್ಟೆಕಿಚ್ಚಿನ ಮಾತಲ್ಲ ಇದು, ಇಪ್ಪತ್ತು ವರ್ಷ ಅವರ ಜೊತೆಯಲ್ಲೇ ಕೂತು ಊಟ ಮಾಡಿದ್ದೇನೆ. ಹಾಗಾಗಿ ನಮ್ಮ ರಾಜ್ಯದಲ್ಲಿ ಜನರೇ ಹೇಳಲಿ ಎಂದು ತೀರ್ಮಾನವಾಯಿತು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ.

ನನ್ನ ಹೆಸರು ಪಂಕಜಾ. ವಿಷಪರೀಕ್ಷಾ ಮಂಡಳಿಯಲ್ಲಿ ಜನಾಭಿಪ್ರಾಯ ವಿಭಾಗ ನನ್ನದು. ಜನರ ಮಾತನ್ನು ಪ್ರಯೋಗಾಲಯದ ಬಾಗಿಲಿನವರೆಗೆ ತಂದು ಬಿಡುವುದು ನನ್ನ ಕೆಲಸ. ಬಾಗಿಲೊಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅಲ್ಲಿ ಏಳು ಫಲಕಗಳಿವೆ. ಫಲಕ ಎಂದರೆ ಊಟದ ಮಣೆಯಷ್ಟು ದೊಡ್ಡ ಗಾಜಿನ ಹಲಗೆ. ಒಳಗೆ ಕೂದಲೆಳೆಗಿಂತ ಸಣ್ಣ ಕಾಲುವೆಗಳು. ಆ ಕಾಲುವೆಗಳ ದಡದಲ್ಲಿ ದಾನಿಗಳ ಜೀವಕೋಶದಿಂದ ಬೆಳೆಸಿದ ಯಕೃತ್ತಿನ ಚೂರು, ಮೂತ್ರಪಿಂಡದ ಚೂರು, ಗರ್ಭಕೋಶದ ಚೂರು, ನರಗಳ ಒಂದು ಕಂತೆ. ರಕ್ತದಂಥ ದ್ರವ ಹರಿಯುತ್ತಲೇ ಇರುತ್ತದೆ. ಮನುಷ್ಯ ನಲವತ್ತು ವರ್ಷ ಮುಟ್ಟಿ, ಉಸಿರಾಡಿ, ನುಂಗುವ ರಾಸಾಯನಿಕವನ್ನು ಫಲಕ ಎಂಟು ತಿಂಗಳಲ್ಲಿ ಅನುಭವಿಸುತ್ತದೆ. ಅದು ಸುಳ್ಳು ಹೇಳುವುದಿಲ್ಲ, ಲಂಚ ತಿನ್ನುವುದಿಲ್ಲ, ನ್ಯಾಯಾಲಯದಲ್ಲಿ ಅದರ ಸಾಕ್ಷಿಯ ಮುಂದೆ ಬೇರೆ ಸಾಕ್ಷಿ ಇಲ್ಲ. ಫಲಕ ಹೇಳದೆ ಯಾವ ರಾಸಾಯನಿಕವನ್ನೂ ನಿಷೇಧಿಸುವಂತಿಲ್ಲ ಎಂದು ಕಾನೂನೇ ಬಂತು. ಇನ್ನೊಂದು ಮಾತೂ ಆ ಕಾನೂನಿನಲ್ಲಿದೆ. ಫಲಕದ ಮೇಲೆ ಇರುವಷ್ಟು ಕಾಲ ಆ ವಸ್ತುವಿನ ಮಾರಾಟ, ಬಳಕೆ ಎಲ್ಲ ಬಂದ್. ಅಂದರೆ ಆಯ್ಕೆಯಾದರೆ ಸಾಕು, ಅರ್ಧ ಗೆದ್ದ ಹಾಗೆ.

ಆರು ಫಲಕಗಳಿಗೆ ಜನ ಫೋನಿನಲ್ಲಿ ಮತ ಹಾಕುತ್ತಾರೆ. ಹೋದ ವರ್ಷ ಗೆದ್ದದ್ದು ತಲೆಗೂದಲಿನ ಬಣ್ಣ, ಮಗುವಿನ ಪೌಡರು, ಮುಖ ಬೆಳ್ಳಗೆ ಮಾಡುವ ಕ್ರೀಮು, ಕೋಣೆಗೆ ಸಿಂಪಡಿಸುವ ಸುವಾಸನೆ, ಇಂಥವು. ತಪ್ಪು ಎನ್ನಲಾರೆ. ತಮ್ಮ ಬಚ್ಚಲುಮನೆಯಲ್ಲಿರುವುದರ ಬಗ್ಗೆ ಜನಕ್ಕೆ ಭಯ. ಇನ್ಯಾರೋ ಕೈ ಅದ್ದುವ ನೀರಿನಲ್ಲಿ ಏನಿದೆ ಎಂದು ಯಾರು ಮತ ಹಾಕುತ್ತಾರೆ?

ಅದಕ್ಕೇ ಏಳನೆಯ ಫಲಕವನ್ನು ದುಡಿಯುವವರಿಗೆ ಮೀಸಲಿಟ್ಟರು. ಪ್ರತಿ ವರ್ಷ ಚೀಟಿ ಎತ್ತಿ ಒಂದು ಕಸುಬನ್ನೂ ಅದು ನಡೆಯುವ ಒಂದು ಊರನ್ನೂ ಆರಿಸುತ್ತಾರೆ. ಆ ಊರಿನ ಆ ಕಸುಬಿನವರನ್ನು ಒಂದು ಶಿಬಿರಕ್ಕೆ ಕರೆದು ಕೈಗನ್ನಡಿಯ ಮೇಲೆ ಅಂಗೈ ಇಡಿಸುತ್ತಾರೆ. ಕೈಗನ್ನಡಿ ಎನ್ನುವುದು ಜನ ಇಟ್ಟ ಹೆಸರು, ನೋಡುವುದಕ್ಕೆ ಹಾಗೇ ಇದೆ. ಚರ್ಮದ ಮೇಲ್ಪದರಕ್ಕೆ ಏನೇನು ಅಂಟಿದೆ ಎಂಬುದನ್ನು ಅದು ಓದುತ್ತದೆ. ಇನ್ನೂ ಪರೀಕ್ಷೆಯಾಗದ ವಸ್ತುಗಳಲ್ಲಿ ಯಾವುದು ಅತಿ ಹೆಚ್ಚು ಕೈಗಳಲ್ಲಿ ಕಾಣುತ್ತದೋ ಅದು ಏಳನೆಯ ಫಲಕಕ್ಕೆ ತಾನಾಗಿಯೇ ಹೋಗುತ್ತದೆ. ನಡುವೆ ಯಾರೂ ಕೈ ಹಾಕುವಂತಿಲ್ಲ. ಒಮ್ಮೆ ಸರದಿ ಬಂದ ಕಸುಬಿಗೆ ಮತ್ತೆ ಚೀಟಿ ಬರುವುದು ಒಂಬತ್ತು ವರ್ಷದ ಮೇಲೆ.

ಈ ಸಲ ಚೀಟಿಯಲ್ಲಿ ರೇಷ್ಮೆ ನೂಲು ಬಿಚ್ಚುವವರ ಹೆಸರು ಬಂತು, ಊರು ಕಲ್ಲುಬಾವಿ. ನಾನು ನನ್ನ ಮೇಜಿನ ಮುಂದೆ ಕೂತು ಅತ್ತೆ. ನನ್ನ ಅಕ್ಕ ನೂಲು ಬಿಚ್ಚುವವಳು.

*

ಕಲ್ಲುಬಾವಿ ಊರಿನ ಫಿಲೇಚರಿನ, ಅಂದರೆ ನೂಲು ತೆಗೆಯುವ ಕಾರ್ಖಾನೆಯ, ಹಿಂದೆ ಸಾಲು ಮನೆಗಳಿವೆ. ರೇಷ್ಮೆಗೂಡು ತೇಲಿಬಿಡುವ ಬಿಸಿನೀರಿನ ತೊಟ್ಟಿಗೆ ಬೇಸಿನ್ನು ಎನ್ನುತ್ತಾರೆ, ಒಂದು ಬೇಸಿನ್ನಿಗೆ ಒಂದು ಮನೆ. ಆ ಮನೆಯ ಹೆಂಗಸು ಬೇಸಿನ್ನಿನ ಮುಂದೆ ಕೂರುವಷ್ಟು ದಿನ ಮನೆ ಅವರದು, ಕೂರುವವರು ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ನಮ್ಮಮ್ಮ ಕೂತಿದ್ದ ಜಾಗದಲ್ಲಿ ನನ್ನ ಅಕ್ಕ ಹೊಂಬಾಳಮ್ಮ ಕೂತಳು. ಅವಳು ಕೂತಿದ್ದರಿಂದ ನಾನು ಶಾಲೆಗೆ ಹೋದೆ. ಈ ಋಣವನ್ನು ಅವಳು ಒಂದು ದಿನಕ್ಕೂ ಎತ್ತಿ ಆಡಿಲ್ಲ, ಅದಕ್ಕೇ ನನಗೆ ಅದು ಇನ್ನೂ ಹೆಚ್ಚು ಚುಚ್ಚುತ್ತದೆ.

ಚೀಟಿ ಎತ್ತಿದ ವಾರದ ಭಾನುವಾರ ಬೆಳಿಗ್ಗೆ ಹೋದೆ. ಅಕ್ಕ ಒಲೆಯ ಮೇಲಿಂದ ಕಾಫಿ ಬಗ್ಗಿಸಿ, ಸ್ಟೀಲಿನ ಲೋಟವನ್ನು ಬರಿಗೈಯಲ್ಲಿ ಹಿಡಿದು ತಂದುಕೊಟ್ಟಳು. ನಾನು ಮುಟ್ಟಿದವಳೇ ಲೋಟವನ್ನು ನೆಲಕ್ಕೆ ಕುಕ್ಕಿದೆ. ಬೆರಳು ಚುರ್ ಎಂದಿತು.

"ಸುಡಲ್ವೇನಕ್ಕ ನಿಂಗೆ?"

"ಸುಡ್ತಾ ಅದಾ? ಈಚೀಚೆಗೆ ನಂಗೊಂದೂ ಗೊತ್ತಾಗಕಿಲ್ಲ ಕಣೆ," ಎಂದು ಅವಳು ನಕ್ಕಳು. "ಒಳ್ಳೇದೇ ಆಯ್ತು ಬುಡು. ಬೇಸಿನ್ ನೀರು ಎಷ್ಟು ಕಾದಿದ್ರೂ ಚಿಂತೆ ಇಲ್ಲ."

"ನಗಬೇಡ ನೀನು."

"ಇನ್ನೇನ್ ಮಾಡ್ಲಿ, ನೀ ಬಂದಾಗ ಅಳ್ತಾ ಕೂತ್ಕಳ್ಲಾ?"

ನೂಲು ಬಿಚ್ಚುವುದೆಂದರೆ ಬೆರಳಿನ ಕೆಲಸ. ಬೇಯಿಸಿದ ಗೂಡುಗಳು ಬಿಸಿನೀರಿನಲ್ಲಿ ತೇಲುತ್ತಿರುತ್ತವೆ. ಒಂದೊಂದು ಗೂಡಿನಿಂದಲೂ ಎಳೆಯ ತುದಿ ಹುಡುಕಿ, ಏಳೆಂಟು ಎಳೆ ಕೂಡಿಸಿ ರಾಟೆಗೆ ಕೊಡಬೇಕು. ಆ ತುದಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ನಾಲ್ಕು ವರ್ಷದ ಹಿಂದೆ ಕೇರಿಗೆ ಒಂದು ಪುಡಿ ಬಂತು. ನೀಲಿ ಡಬ್ಬದಲ್ಲಿ ಬರುವುದರಿಂದ ಎಲ್ಲರಿಗೂ ಅದು ನೀಲಿಪುಡಿ. ನೀರಿಗೆ ಒಂದು ಚಮಚ ಹಾಕಿದರೆ ಗೂಡು ಸಡಿಲವಾಗಿ ಎಳೆ ಸರಾಗವಾಗಿ ಬರುತ್ತದೆ, ಕಳಪೆ ಗೂಡೂ ಹಾಳಾಗುವುದಿಲ್ಲ. ಅದನ್ನು ಹಾಕದಿದ್ದರೆ ಹೊರಗಿನ ನೂಲಿನ ಎದುರು ನಿಲ್ಲುವುದಕ್ಕೇ ಆಗುವುದಿಲ್ಲ ಎನ್ನುತ್ತಾರೆ ಮಾಲೀಕರು. ಸುಳ್ಳೇನೂ ಅಲ್ಲ.

ಪುಡಿ ಬಂದ ಮೇಲೆ ಹೆಂಗಸರ ಬೆರಳು ಜೋಮು ಹಿಡಿಯತೊಡಗಿತು. ಪಕ್ಕದ ಮನೆಯ ಭಾಗ್ಯಮ್ಮನಿಗೆ ದೀಪ ಹಚ್ಚುವಾಗ ಬೆರಳು ಸುಟ್ಟದ್ದು ವಾಸನೆಯಿಂದ ಗೊತ್ತಾಯಿತಂತೆ. ಆಸ್ಪತ್ರೆಯಲ್ಲಿ ಶಕ್ತಿ ಸಾಲದು ಎಂದು ಮಾತ್ರೆ ಬರೆದುಕೊಟ್ಟರು. ಕೆಲಸ ನಿಲ್ಲುವ ಹಾಗಿಲ್ಲವಲ್ಲ, ಹೆಂಗಸರು ತಾವೇ ಒಂದು ಉಪಾಯ ಕಂಡುಕೊಂಡರು. ಬೆರಳಿಗೆ ತುದಿ ಸಿಗದಿದ್ದರೆ ಗೂಡನ್ನು ತುಟಿಗೆ ತಾಗಿಸಿ ನೋಡುತ್ತಾರೆ. ತುಟಿಗೆ ಇನ್ನೂ ಸ್ಪರ್ಶ ಇದೆ. ಅಕ್ಕ ಹೀಗೆ ಮಾಡುವುದನ್ನು ಮೊದಲ ಸಲ ನೋಡಿದಾಗ ನಾನು ಅವಳ ಕೈ ಹಿಡಿದು ಕೆಳಗೆಳೆದೆ. ಆ ನೀರು ನೇರ ಅವಳ ಬಾಯಿಗೆ ಹೋಗುತ್ತಿತ್ತು.

ಅಕ್ಕನ ಮಗಳು ವೇದಾ ಬಾಗಿಲ ಬಳಿ ಕೂತು ಗೆಳತಿಯೊಬ್ಬಳ ಕೈಗೆ ಮೆಹಂದಿ ಹಾಕುತ್ತಿದ್ದಳು. ಪಿಯುಸಿ ಮುಗಿಸಿದ್ದಾಳೆ. ಪ್ರಯೋಗಾಲಯದ ತಂತ್ರಜ್ಞೆಯಾಗುವ ಡಿಪ್ಲೊಮಾಕ್ಕೆ ಸೇರುವ ಆಸೆ, ನಾನೇ ಹಚ್ಚಿದ್ದು. ಅವಳ ಬೆರಳು ಎಷ್ಟು ಸಣ್ಣ ಗೆರೆಯನ್ನೂ ನಡುಗದೆ ಎಳೆಯುತ್ತದೆ.

ಅಕ್ಕ ದನಿ ತಗ್ಗಿಸಿದಳು. "ಇನ್ನೊಂದು ವರ್ಸ ಕೂತೇನು ಅಷ್ಟೆ. ಆಮೇಕೆ ನನ್ ಕೈಲಿ ಆಗಕಿಲ್ಲ. ಅಷ್ಟ್ರೊಳಗೆ ಆ ಪುಡಿ ನಿಲ್ಲಿಸ್ಬುಟ್ರೆ ಬೆರಳು ಉಳಿದ್ರೂ ಉಳೀಬೋದು, ಇನ್ನೊಂದಷ್ಟು ದಿನ ತಳ್ತೀನಿ. ಇಲ್ದಿದ್ರೆ ಇವ್ಳೇ ಕೂರ್ಬೇಕು. ಇವ್ಳು ಆ ನೀರಿಗೆ ಕೈ ಇಡಬಾರ್ದು ಪಂಕಜಿ. ನಂಗೆ ಬೇಕಾಗಿರೋದು ಅದೊಂದೇಯ."

"ಇಡಲ್ಲ. ಈ ಸಲ ಸರದಿ ನಿಮ್ಮದೇ. ಏಳನೇ ಫಲಕ ನಿಮಗೇ."

ಅಷ್ಟು ಖಂಡಿತವಾಗಿ ಹೇಳಿದೆ. ಹೇಳದೆ ಇನ್ನೇನು, ಕೇರಿಯ ಪ್ರತಿ ಕೈಯಲ್ಲೂ ಆ ಪುಡಿ ಮೆತ್ತಿಕೊಂಡಿತ್ತು.

ಸಂಜೆಯ ಹೊತ್ತಿಗೆ ಕೇರಿಯ ಹೆಂಗಸರನ್ನೆಲ್ಲ ಕೂಡಿಸಿ ಕೈಗನ್ನಡಿಯ ವಿಷಯ ಹೇಳಿದೆ. ಒಂದೇ ಷರತ್ತು, ಕೈ ತೊಳೆಯಬಾರದು. ಬೇಸಿನ್ನಿನಿಂದ ಎದ್ದು ನೇರ ಬರಬೇಕು. ಚರ್ಮದ ಮೇಲಿರುವ ಪುಡಿ ತೊಳೆದರೆ ಹೋಗುತ್ತದೆ. ಒಳಗೆ ಇಳಿದದ್ದು ಕೈಗನ್ನಡಿಗೆ ಕಾಣುವುದಿಲ್ಲ.

ಹೆಂಗಸರು ಬಿದ್ದು ಬಿದ್ದು ನಕ್ಕರು. ಭಾಗ್ಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅಲ್ಲ ಕಣವ್ವ, ಹುಳದ ನಾತ ಹೊತ್ಕಂಡು ಸಭೆಗೆ ಬರಾದಾ? ಆಪೀಸರುಗಳು ಕೂತಿರಕಿಲ್ವಾ?" ಎಂದಳು.

ಆ ನಗು ಯಾಕೆ ಎಂದು ಕೇರಿಯಲ್ಲಿ ಹುಟ್ಟಿದವರಿಗೇ ಗೊತ್ತು. ಗೂಡಿನೊಳಗಿನ ಹುಳ ಬೆಂದ ವಾಸನೆ ಕೈಗೆ ಹತ್ತಿದರೆ ಬಿಡುವುದಿಲ್ಲ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ. ನಮ್ಮಮ್ಮ ನನ್ನನ್ನು ಶಾಲೆಗೆ ಬಿಡುವ ಮೊದಲು ಹುಣಸೆಹಣ್ಣು, ಬೂದಿ ಹಾಕಿ ಕೈ ತಿಕ್ಕಿ, ಮೇಲೆ ಅರಿಸಿನ ಹಚ್ಚಿಕೊಳ್ಳುತ್ತಿದ್ದಳು. ಇಲ್ಲಿಯ ಹೆಂಗಸರು ಚಪ್ಪಲಿ ಇಲ್ಲದೆ ಊರಿಗೆ ಹೋದಾರು, ಕೈ ತಿಕ್ಕದೆ ಹೊಸ್ತಿಲು ದಾಟಲಾರರು.

"ಒಂದಿನ ನಾತ ಹೊಡುದ್ರೆ ಯಾರೂ ಸಾಯಕಿಲ್ಲ," ಎಂದು ಅಕ್ಕ ಎದ್ದು ನಿಂತಳು. "ಬಸ್ಸು ಬ್ಯಾಡ. ಟೆಂಪೋ ಮಾಡ್ಸಣ. ಯಾರ್ ಕೈ ತೊಳ್ಕತೀರೋ ಅವ್ರ ಜುಟ್ಟು ಹಿಡಿದು ಇಳಿಸ್ಬುಡ್ತೀನಿ."

ಎಲ್ಲರೂ ಒಪ್ಪಿದರು. ನಾನು ಅಕ್ಕನನ್ನು ನೋಡಿ ಹೆಮ್ಮೆಪಟ್ಟೆ.

*

ಶಿಬಿರದ ಅಧಿಕಾರಿ ನಿರಂಜನ ಎಂಬ ಹೊಸ ಹುಡುಗ. ಅವನನ್ನು ಮುಂದೆ ಕೂರಿಸಿಕೊಂಡು ಮೂರು ಸಲ ಹೇಳಿದ್ದೆ. ವಾಸನೆ ಜೋರಾಗಿರುತ್ತದೆ, ಮೂಗು ಮುಚ್ಚಬೇಡ. ಮುಖ ಸಿಂಡರಿಸಬೇಡ. ಎದ್ದು ನಿಂತು ಕುರ್ಚಿ ಕೊಡು, ತಾಯಿ ಎಂದು ಮಾತಾಡಿಸು. ಅವರು ಸರ್ಕಾರಕ್ಕೆ ಸಾಕ್ಷಿ ಹೇಳಲು ಬರುತ್ತಿರುವವರು. ಅವನು ಒಳ್ಳೆಯ ಹುಡುಗ, ಎಲ್ಲ ಬರೆದುಕೊಂಡ.

ಶಿಬಿರದ ದಿನ ನಾನು ಬೆಂಗಳೂರಿನ ನಿಯಂತ್ರಣ ಕೊಠಡಿಯಲ್ಲಿದ್ದೆ. ಓದು ಶುರುವಾದ ಮೇಲೆ ಆ ಕೊಠಡಿಗೆ ಬೀಗ. ನಮ್ಮ ಫೋನುಗಳೆಲ್ಲ ಹೊರಗೆ ಪೆಟ್ಟಿಗೆಯಲ್ಲಿ. ಒಳಗಿನವರು ಶಿಬಿರಕ್ಕೆ ಒಂದು ಮಾತು ಹೇಳುವಂತಿಲ್ಲ, ಶಿಬಿರದವರು ಒಳಗಿನವರಿಗೆ ಹೇಳುವಂತಿಲ್ಲ. ಹಿಂದೆ ಒಬ್ಬ ಅಧಿಕಾರಿ ಫೋನಿನಲ್ಲೇ ಫಲಿತಾಂಶ ಬದಲಾಯಿಸಿದ್ದ, ಅದರ ಮೇಲೆ ಬಂದ ನಿಯಮ ಇದು.

ಗೋಡೆಯ ಮೇಲಿನ ಪರದೆಯಲ್ಲಿ ಒಂದೊಂದು ರಾಸಾಯನಿಕಕ್ಕೆ ಒಂದೊಂದು ಕಂಬ. ಹೆಸರು ಇರುವುದಿಲ್ಲ, ಬರೀ ಸಂಕೇತ ಸಂಖ್ಯೆ. ನೀಲಿಪುಡಿಯ ಸಂಖ್ಯೆ ನನಗೆ ಬಾಯಿಪಾಠ. ಮೊದಲ ಕೈ ಬಂತು. ನನ್ನ ಕಂಬ ಏಳಲಿಲ್ಲ. ಎರಡನೆಯದು ಬಂತು, ಏಳಲಿಲ್ಲ. ಯಂತ್ರ ಇನ್ನೂ ಬಿಸಿಯಾಗಿಲ್ಲವೇನೋ ಎಂದುಕೊಂಡೆ. ಹತ್ತು ಕೈ, ಇಪ್ಪತ್ತು ಕೈ ದಾಟಿದರೂ ನನ್ನ ಕಂಬ ನೆಲಕ್ಕೇ ಅಂಟಿಕೊಂಡಿತ್ತು. ಅದರ ಬದಲು ಆ ತುದಿಯಲ್ಲಿ ಇನ್ಯಾವುದೋ ಕಂಬ ಪ್ರತಿ ಕೈಗೂ ಒಂದು ಮೆಟ್ಟಿಲು ಏರುತ್ತಿತ್ತು.

"ಅದೇನದು?" ಎಂದು ಪಕ್ಕದಲ್ಲಿದ್ದ ನಿರ್ದೇಶಕರನ್ನು ಕೇಳಿದೆ. ಡಾಕ್ಟರ್ ಅಚ್ಯುತಮೂರ್ತಿ, ಈ ಕಾನೂನು ತರಲು ಅರ್ಧ ಆಯುಸ್ಸು ಸವೆಸಿದವರು. ಅವರು ಸಂಖ್ಯೆಯನ್ನು ಸಂಕೇತಗಳ ಪಟ್ಟಿಯಲ್ಲಿ ಹುಡುಕಿದರು. ಸಿಕ್ಕ ಸಾಲನ್ನು ಅಂಗೈಯಿಂದ ಮುಚ್ಚಿದರು.

"ಹೇಳಿ ಸಾರ್."

"ದ್ರವ ಸೋಪಿಗೆ ಹಾಕುವ ಸುವಾಸನೆ. ಹೋದ ವರ್ಷ ಮಾರುಕಟ್ಟೆಗೆ ಬಂದದ್ದು. ಪರೀಕ್ಷೆ ಆಗಿಲ್ಲ."

ಅಯ್ಯೋ ಅಕ್ಕ, ಎಲ್ಲರೂ ಕೈ ತೊಳೆದುಬಿಟ್ಟಿರಾ. ಇಷ್ಟನ್ನು ನಾನು ಬಾಯಿಬಿಟ್ಟು ಹೇಳಿದೆನೋ ಇಲ್ಲವೋ ಗೊತ್ತಿಲ್ಲ. ಬಾಗಿಲ ಬಳಿ ಹೋಗಿ ತೆಗೆಯಿರಿ ಎಂದೆ, ಕಾವಲಿನವನು ತಲೆಯಾಡಿಸಿದ. ಅರ್ಧಕ್ಕಿಂತ ಹೆಚ್ಚು ಕೈಗಳು ಇನ್ನೂ ಬಾಕಿ ಇದ್ದವು. ಒಂದು ಫೋನು ಮಾಡಲು ಬಿಟ್ಟಿದ್ದರೆ, ಉಳಿದವರಾದರೂ ತೊಳೆಯಬೇಡಿ ಎಂದು ಕೂಗಿ ಹೇಳುತ್ತಿದ್ದೆ. ಕುರ್ಚಿಗೆ ವಾಪಸು ಬಂದು ಕೂತು ಕೊನೆಯ ಕೈಯವರೆಗೂ ನೋಡಿದೆ. ಒಂದೇ ಒಂದು ಕೈಯಲ್ಲೂ ನೀಲಿಪುಡಿ ಇರಲಿಲ್ಲ. ಸುವಾಸನೆಯ ಕಂಬ ಪರದೆಯ ಮೇಲಂಚು ಮುಟ್ಟಿತು. ಅದರ ಕೆಳಗೆ ಹಸಿರು ಅಕ್ಷರದಲ್ಲಿ 'ಏಳನೆಯ ಫಲಕಕ್ಕೆ ಆಯ್ಕೆ' ಎಂದು ಮೂಡಿತು.

*

ಬೀಗ ತೆಗೆದ ತಕ್ಷಣ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸಿಟ್ಟಿನಿಂದ ಮೈ ಉರಿಯುತ್ತಿತ್ತು. ಏನೇನು ಬೈಯಬೇಕು ಎಂದು ಜೋಡಿಸಿಕೊಂಡೇ ಹೋದೆ. ದೀಪ ಹಚ್ಚುವ ಹೊತ್ತಿಗೆ ಕೇರಿ ಸೇರಿದರೆ ಅಕ್ಕ ಜಗಲಿಯ ಮೇಲೆ ಕೂತಿದ್ದಳು. ಕೈಗಳನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡಿದ್ದಳು. ಹತ್ತಿರ ಹೋದರೆ ಘಮ್ಮೆಂದು ಮಲ್ಲಿಗೆ ವಾಸನೆ.

ವಿಷಯ ಅವಳಿಗೆ ಆಗಲೇ ಗೊತ್ತಾಗಿತ್ತು. ನಿರಂಜನ ಹೇಳಿ ಹೋಗಿದ್ದನಂತೆ.

"ಯಾಕಕ್ಕ? ಜುಟ್ಟು ಹಿಡಿದು ಇಳಿಸ್ತೀನಿ ಅಂದವಳು ನೀನು."

"ಯಾರೂ ತೊಳ್ದಿರಲಿಲ್ಲ ಕಣೆ. ಎಲ್ಲ ಅಂಗೇ ಬಂದ್ವಿ. ಟೆಂಪೋದೋನು ಮೂಗು ಮುಚ್ಕಂಡ, ಮುಚ್ಕಳ್ಲಿ ಅಂದ್ವಿ. ಮುಂದೆ ನಾನೇ ಇದ್ದೆ." ಅವಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಆ ಹುಡ್ಗ ಎದ್ದು ನಿಂತ. ಬನ್ನಿ ತಾಯಿ ಅಂದ. ತಾನು ಕೂತಿದ್ದ ಕುರ್ಚೀನೇ ಎಳೆದು ಹಾಕ್ದ. ಪಂಕಜಿ, ನಂಗೆ ಯಾವ ಆಪೀಸರೂ ಕುರ್ಚಿ ಕೊಟ್ಟಿಲ್ಲ ಕಣೆ ಈ ಜನ್ಮದಲ್ಲಿ."

"ಅದಕ್ಕೆ?"

"ಅವ್ನ ಕಣ್ಣಲ್ಲಿ ನೀರು ಬತ್ತಾ ಇತ್ತು ನಾತಕ್ಕೆ. ಬಾಯಲ್ಲಿ ಉಸ್ರಾಡ್ತಾ ಇದ್ದ. ಆದ್ರೂವೆ ನಗ್ತಾ ನಿಂತಿದ್ದ. ಅವ್ನೇನಾರಾ ಮೂಗು ಮುಚ್ಕಂಡಿದ್ರೆ ನಾನು ತೊಳೀತಿರಲಿಲ್ಲ. ಮಡಗು ನಿನ್ನ ಕನ್ನಡೀಯ ಅಂತ ಆ ಕೈಲೇ ಒತ್ತಿಬುಡ್ತಿದ್ದೆ. ತಡ್ಕಂಡು ನಿಂತಿದ್ನಲ್ಲ, ನಂಗೆ ನಾಚ್ಕೆ ಆಗೋಯ್ತು. ಬಾಗ್ಲಲ್ಲೇ ನಲ್ಲಿ ಇತ್ತು, ಒಂದ್ ಬಾಟ್ಲಿ ಸೋಪಿತ್ತು. ಅಷ್ಟೇಯ, ಸುಮ್ನೆ ಬೆರಳ ತುದಿ ತೊಳ್ಕಳಣ ಅಂತ ಹೋದೆ, ಪೂರ್ತಿ ಕೈನೇ ತಿಕ್ಬುಟ್ಟೆ. ನನ್ನ ನೋಡಿ ಭಾಗ್ಯ ಬಂದ್ಲು. ಆಮೇಕೆ ಎಲ್ಲಾರೂವೆ."

ಆ ಹುಡುಗನಿಗೆ ಹಾಗೆ ನಿಲ್ಲು ಎಂದು ಹೇಳಿಕೊಟ್ಟವಳು ನಾನೇ ತಾನೇ. ಯಾರನ್ನು ಬೈಯಲಿ?

ವೇದಾ ಒಳಗಿನಿಂದ ಬಂದು ಹೊಸ್ತಿಲ ಮೇಲೆ ನಿಂತಳು. "ಇನ್ನೊಂದ್ಸಲ ಓದ್ಸಕಾಗಲ್ವಾ ಚಿಕ್ಕಮ್ಮ? ನಾಳೇನೇ ಎಲ್ಲಾರ್ನೂ ಕರ್ಕೊಂಡ್ ಬತ್ತೀನಿ ನಾನು. ನಾನ್ ನೋಡ್ಕತೀನಿ ಯಾರು ತೊಳೀತಾರೆ ಅಂತ."

"ನೋಡ್ತೀನಿ," ಎಂದೆ. ಆ ಮಾತಿಗೆ ಅಕ್ಕ ತಲೆ ಎತ್ತಿ ನನ್ನ ಮುಖ ನೋಡಿದಳು. ಅವಳಿಗೆ ಆಸೆ ಚಿಗುರಿದ್ದು ಕಂಡು ನನಗೆ ಸಂಕಟವಾಯಿತು.

*

ಮಾರನೆಯ ಬೆಳಿಗ್ಗೆ ನಿರ್ದೇಶಕರ ಕೋಣೆಯ ಬಾಗಿಲು ತಟ್ಟದೆ ಒಳಗೆ ಹೋದೆ.

"ಸಾರ್, ಮರುಓದು ಬೇಕು. ಒಂದು ದಿನ ಸಾಕು."

"ನಿಯಮದಲ್ಲಿ ಇಲ್ಲ ಪಂಕಜಾ."

"ನಿಯಮ ಬರೆದವರು ನೀವು."

"ಅದಕ್ಕೇ ಹೇಳ್ತಿರೋದು." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಯ್ಕೆಯಾದ ಮೇಲೆ ಯಾರೂ ಮುಟ್ಟಬಾರದು ಅನ್ನೋ ಒಂದು ಸಾಲಿಗೋಸ್ಕರ ನಾನು ಎಷ್ಟು ವರ್ಷ ಜಗಳ ಆಡಿದೀನಿ, ನಿಮಗೆ ಗೊತ್ತು. ಈ ಸಲ ನಾನು ಮುಟ್ಟಿದರೆ ಒಳ್ಳೇ ಕಾರಣಕ್ಕೆ ಮುಟ್ಟಿದ ಹಾಗಾಗುತ್ತೆ. ಮುಂದಿನ ಸಲ ಮುಟ್ಟುವವನ ಹತ್ತಿರ ಇನ್ನೂ ಒಳ್ಳೇ ಕಾರಣ ಇರುತ್ತೆ. ಅವನ ಹಿಂದೆ ಕಂಪನಿಯ ಕಾರು ನಿಂತಿರುತ್ತೆ."

"ರಕ್ತ ಪರೀಕ್ಷೆ ಮಾಡಿಸಿ ಹಾಗಾದರೆ. ಪುಡಿ ಒಳಗಿದೆ ಅಂತ ಗೊತ್ತಾಗುತ್ತೆ."

"ರಕ್ತ ತೆಗೆಯೋಕೆ ಸಮಿತಿಯ ಒಪ್ಪಿಗೆ ಬೇಕು. ಆ ರಾಸಾಯನಿಕ ಪರೀಕ್ಷೆಗೆ ಆಯ್ಕೆ ಆಗಿದ್ದರೆ ಮಾತ್ರ ಸಮಿತಿ ಒಪ್ಪುತ್ತೆ."

"ಆಯ್ಕೆ ಆಗೋಕೆ ಸಾಕ್ಷಿ ಬೇಕು, ಸಾಕ್ಷಿ ಬೇಕಾದರೆ ಆಯ್ಕೆ ಆಗಿರಬೇಕು. ಇದನ್ನು ಬರೆಯುವಾಗ ನಿಮಗೆಲ್ಲ ನಿದ್ದೆ ಬಂದಿತ್ತಾ ಸಾರ್?"

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿರುತ್ತಿತ್ತು, ಜಗಳವಾದರೂ ಆಡಬಹುದಿತ್ತು. "ನನ್ನ ಅಕ್ಕನ ಬೆರಳು ಸಾರ್," ಎಂದೆ. "ಅವಳ ಮಗಳದ್ದು."

"ಗೊತ್ತು," ಎಂದರು. "ನಿಮ್ಮ ಅಕ್ಕ ಅಂತ ಗೊತ್ತಿರೋದರಿಂದಲೇ ಈಗಂತೂ ಮುಟ್ಟೋ ಹಾಗೇ ಇಲ್ಲ."

ಈ ಮನುಷ್ಯನನ್ನು ದ್ವೇಷಿಸುವುದಕ್ಕೆ ನಾನು ಬಹಳ ಪ್ರಯತ್ನಪಟ್ಟೆ. ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಆ ಕೋಣೆಯಲ್ಲಿ ತಪ್ಪು ಮಾಡಿದವರು ಯಾರೂ ಇರಲಿಲ್ಲ, ಕಲ್ಲುಬಾವಿಯಲ್ಲೂ ಇರಲಿಲ್ಲ. ಮುಂದಿನ ಸರದಿ ಒಂಬತ್ತು ವರ್ಷಕ್ಕೆ.

ಫೋನಿನ ಮತದ ದಾರಿ ಒಂದಿತ್ತು. ಕೇರಿಯವರೆಲ್ಲ ನೀಲಿಪುಡಿಗೆ ಮತ ಹಾಕಿದರು. ವೇದಾ ತನ್ನ ಕಾಲೇಜಿನವರ ಕಾಲು ಹಿಡಿದು ಹಾಕಿಸಿದಳು, ನಾನು ನನ್ನ ಬೀದಿಯಲ್ಲಿ ಮನೆ ಮನೆಗೆ ಹೋದೆ. ಒಬ್ಬರು ಬಾಗಿಲಲ್ಲೇ ನಿಂತು, ರೇಷ್ಮೆ ಸೀರೆ ಉಟ್ಟರೆ ಏನಾದರೂ ಆಗುತ್ತದೆಯೇ ಎಂದು ಕೇಳಿದರು. ಇಲ್ಲ, ಸೀರೆಗೆ ಬರುವ ಹೊತ್ತಿಗೆ ಪುಡಿ ತೊಳೆದು ಹೋಗಿರುತ್ತದೆ ಎಂದೆ. ನಿಜ ಹೇಳುವ ಚಾಳಿ ನನಗೆ. ಅವರು ಸಮಾಧಾನದಿಂದ ಬಾಗಿಲು ಹಾಕಿಕೊಂಡರು. ಆ ವರ್ಷ ಆರನೆಯ ಫಲಕ ನಾಯಿಗಳ ಶಾಂಪುವಿಗೆ ಹೋಯಿತು.

*

ಸೋಪಿನ ಸುವಾಸನೆ ಫಲಕ ಏರಿದ ದಿನದಿಂದ ಅದರ ಬಳಕೆ ಬಂದ್ ಆಯಿತು. ಫಿಲೇಚರಿನ ನಲ್ಲಿಯ ಹತ್ತಿರ ಮಾಲೀಕರು ಇಡಿಸಿದ್ದ ಬಾಟಲಿಗಳೂ ಅದೇ ಸೋಪಿನವು, ಇನ್ಸ್‌ಪೆಕ್ಟರು ಬಂದು ಎತ್ತಿಕೊಂಡು ಹೋದರು. ಹೆಂಗಸರು ಹುಣಸೆಹಣ್ಣಿಗೆ ವಾಪಸಾದರು. ನೀಲಿ ಡಬ್ಬ ಕಪಾಟಿನಲ್ಲೇ ಇತ್ತು. ಆ ಬೇಸಿಗೆ ಗೂಡು ಕಳಪೆ ಬಂದದ್ದರಿಂದ ಒಂದು ಚಮಚದ ಜಾಗದಲ್ಲಿ ಎರಡು ಬಿದ್ದವು.

ಮಳೆಗಾಲ ಹಿಡಿಯುವ ಮೊದಲೇ ಅಕ್ಕನ ತುಟಿಯ ಸ್ಪರ್ಶವೂ ಹೋಯಿತು. ಫೋನಿನಲ್ಲಿ ಅವಳ ಮಾತು ತೊದಲುವುದು ಕೇಳಿದಾಗ ನಾನು ಏನೂ ಗೊತ್ತಾಗದ ಹಾಗೆ ಊಟ ಆಯಿತಾ ಎಂದು ಕೇಳಿದೆ. ಬೆರಳಿಗೂ ತುಟಿಗೂ ಸಿಗದ ಎಳೆಯನ್ನು ಇನ್ನು ಯಾವುದರಿಂದ ಹುಡುಕುವುದು? ಮಾಲೀಕರು ಕೆಟ್ಟವರಲ್ಲ, ಎರಡು ತಿಂಗಳು ಸುಮ್ಮನಿದ್ದರು. ಆಮೇಲೆ ಬೇಸಿನ್ನು ಖಾಲಿ ಬಿಡುವ ಹಾಗಿಲ್ಲ ಎಂದರು. ನನ್ನ ಮನೆಗೆ ಬಂದುಬಿಡಿ ಇಬ್ಬರೂ ಎಂದು ನಾನು ಅಂಗಲಾಚಿದೆ. ಅಕ್ಕ ಬರಲಿಲ್ಲ. ಹೊಟ್ಟೆಪಾಡಿಗೆ ತಂಗಿಯ ಮನೆಗೆ ಹೋಗುವವಳಲ್ಲ ಅವಳು. ಒಂದು ವರ್ಷ, ಒಂದೇ ವರ್ಷ ಕೂರುತ್ತೇನೆ, ಆಮೇಲೆ ಡಿಪ್ಲೊಮಾ ಎಂದು ವೇದಾ ನನಗೇ ಸಮಾಧಾನ ಹೇಳಿದಳು.

ಎಂಟು ತಿಂಗಳು ತುಂಬಿದ ದಿನ ಏಳನೆಯ ಫಲಕದ ಫಲಿತಾಂಶ ಓದಲು ನಮ್ಮನ್ನೆಲ್ಲ ಪ್ರಯೋಗಾಲಯಕ್ಕೆ ಕರೆದರು. ನಾನು ನರಗಳ ಕಂತೆ ಇರುವ ಮೂಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನಲವತ್ತು ವರ್ಷದ ಮಲ್ಲಿಗೆ ವಾಸನೆ ಅದರ ಮೇಲೆ ಹರಿದು ಹೋಗಿತ್ತು. ಒಂದು ಎಳೆಯೂ ಕೊಂಕಿರಲಿಲ್ಲ. ತುದಿಯಿಂದ ತುದಿಗೆ ಸಂದೇಶ ದಾಟುವಾಗ ಹಸಿರು ಬೆಳಕು ಮಿಣುಕುತ್ತಿತ್ತು, ಸ್ವಲ್ಪವೂ ತಡೆಯಿಲ್ಲದೆ. ಸೋಪಿನಲ್ಲಿ ಯಾವ ದೋಷವೂ ಇಲ್ಲ, ಮಾರಾಟಕ್ಕೆ ಮತ್ತೆ ಅನುಮತಿ ಎಂದು ಅಚ್ಯುತಮೂರ್ತಿಯವರು ಓದಿ ಸಹಿ ಹಾಕಿದರು. ಸಹಿ ಹಾಕುವಾಗ ನನ್ನ ಕಡೆ ನೋಡಲಿಲ್ಲ.

ಅಲ್ಲಿಂದ ನೇರ ಕಲ್ಲುಬಾವಿಗೆ ಹೋದೆ. ಯಾಕೆ ಹೋದೆನೋ, ಹೇಳುವುದಕ್ಕೆ ಏನೂ ಇರಲಿಲ್ಲ. ಡಿಪ್ಲೊಮಾದ ಅರ್ಜಿ ಮಾತ್ರ ಚೀಲದಲ್ಲಿತ್ತು. ಅಕ್ಕ ಚಾಪೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಬಾಯಿ ಓರೆಯಾಗಿ ನಕ್ಕಳು. ಸೋಪಿನ ಫಲಿತಾಂಶ ಹೇಳಿದೆ.

"ಓಗ್ಲಿ ಬುಡು," ಎಂದಳು ನಿಧಾನಕ್ಕೆ. ಒಂದೊಂದು ಮಾತಿಗೂ ನಾಲಿಗೆಯನ್ನು ಎತ್ತಿ ಇಡಬೇಕಾಗಿತ್ತು. "ಒಳ್ಳೇ ವಾಸ್ನೆ ಅದರದ್ದು."

ಅಷ್ಟರಲ್ಲಿ ವೇದಾ ಬೇಸಿನ್ನಿನಿಂದ ಬಂದಳು. ಬಂದವಳು ಹಿತ್ತಿಲಿಗೆ ಹೋಗಿ ಹುಣಸೆಹಣ್ಣು ಹಾಕಿ ಕೈ ತಿಕ್ಕಿಕೊಂಡಳು, ಅಮ್ಮನ ಹಾಗೆಯೇ, ಮೊಣಕೈಯವರೆಗೂ. ಆಮೇಲೆ ಒಲೆ ಹಚ್ಚಿದಳು. ನಾನು ಅರ್ಜಿ ತೆಗೆದು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದೆ. ಈ ವರ್ಷ ಸೇರಿಸಿಯೇ ತೀರುತ್ತೇನೆ, ಅಕ್ಕನನ್ನು ಎತ್ತಿಕೊಂಡಾದರೂ ಹೋಗುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಒಳಗೆ ಹಾಲು ಉಕ್ಕಿದ ಸದ್ದಾಯಿತು. ವೇದಾ ಕಾಫಿ ಬಗ್ಗಿಸಿಕೊಂಡು ಬಂದಳು. ಹೊಗೆಯಾಡುವ ಸ್ಟೀಲಿನ ಲೋಟ. ಬಟ್ಟೆ ಇರಲಿಲ್ಲ, ಕೆಳಗೆ ತಟ್ಟೆ ಇರಲಿಲ್ಲ. ಐದೂ ಬೆರಳಿನಲ್ಲಿ ಸುತ್ತಿ ಹಿಡಿದುಕೊಂಡು, ಅರ್ಜಿಯನ್ನು ನೋಡುತ್ತಾ ನನ್ನ ಮುಂದೆಯೇ ನಿಂತುಬಿಟ್ಟಳು. ಅಕ್ಕ ಅವಳ ಕೈಯನ್ನೇ ನೋಡುತ್ತಿದ್ದಳು.

ನಾನು ಕೈ ಚಾಚಿ ಲೋಟ ಮುಟ್ಟಿದೆ, ತಟ್ಟನೆ ಹಿಂದಕ್ಕೆಳೆದುಕೊಂಡೆ.

"ಏನಾಯ್ತು ಚಿಕ್ಕಮ್ಮ?" ಎಂದಳು ವೇದಾ, ಲೋಟವನ್ನು ಇನ್ನೂ ಹಿಡಿದುಕೊಂಡೇ.